ಹೊಯಿಗೆ ತೊಟ್ಟಿಯ ಕಾಂಡ್ಲಾ

ಉಬ್ಬರದ ಉಪ್ಪುನೀರು ಹತ್ತಿ ಇಳಿಯುವ ಕೆಸರುನೆಲದಲ್ಲಿ ಬೆಳೆಯುವ ಮರಗಿಡಗಳನ್ನು ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ. ಪಠ್ಯಪುಸ್ತಕಗಳಲ್ಲಿ ಇದೇ ಮ್ಯಾಂಗ್ರೋವ್. ಇವೆಲ್ಲ ಒಂದೇ ಕುಟುಂಬದ ಸಸ್ಯಗಳಲ್ಲ. ಬೇರೆ ಬೇರೆ ಕುಟುಂಬಗಳಲ್ಲಿ ಹುಟ್ಟಿ, ಉಪ್ಪು ಮತ್ತು ಗಾಳಿಯಾಡದ ಮಣ್ಣು ಎಂಬ ಒಂದೇ ಕಷ್ಟಕ್ಕೆ ತಮ್ಮ ತಮ್ಮ ದಾರಿ ಕಂಡುಕೊಂಡ ಸಸ್ಯಗಳ ಗುಂಪು ಇದು. ಇತ್ತೀಚಿನ ದಶಕಗಳಲ್ಲಿ ಇವು ಮನೆಯೊಳಗಿನ ಗಾಜಿನ ತೊಟ್ಟಿಗೂ ಬಂದಿವೆ. ತಳದಲ್ಲಿ ಮರಳು, ಅದರ ಮೇಲೆ ಚೌಳು ನೀರು, ನೀರಿನಿಂದ ತಲೆಯೆತ್ತಿ ನಿಂತ ನಾಲ್ಕೆಂಟು ದಪ್ಪ ಎಲೆಗಳು, ಕಾಂಡದ ಸುತ್ತ ಸುಳಿಯುವ ಮೀನು: ಅಕ್ವೇರಿಯಂ ಹವ್ಯಾಸಿಗಳಿಗೆ ಈ ನೋಟ ಈಗ ಹೊಸದಲ್ಲ. ಹೀಗೆ ಬೆಳೆಸುವವರಲ್ಲಿ ಎರಡು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ನೀರಿನ ಉಪ್ಪು ಸರಿಯಿದ್ದರೆ ಗಿಡ ತಾನಾಗಿ ಬರುತ್ತದೆ ಎಂಬುದು ಒಂದು. ಅಳಿವೆಯ ಕೆಸರಿಲ್ಲದೆ ಬರೀ ಮರಳಿನಲ್ಲಿ ಕಾಂಡ್ಲಾ ಉಳಿಯುವುದೇ ಇಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಮಾತ್ರ ನಿಜವಿದೆ. ಈ ಗಿಡಕ್ಕೆ ಉಪ್ಪು ಎರಡನೆಯ ಮಾತು. ಬೇರಿಗೆ ಸಿಗುವ ಗಾಳಿ ಮತ್ತು ಬೇರಿಗೆ ಸಿಗುವ ಆಹಾರ ಮೊದಲನೆಯದು. ಆ ಎರಡನ್ನು ಒದಗಿಸಿಕೊಟ್ಟರೆ ಎಳೆಯ ಗಿಡಕ್ಕೆ ಮರಳು ಕೆಸರಿಗಿಂತ ಕಡಿಮೆಯದೇನಲ್ಲ.

ಮಂಗಳೂರಿನ ಕುಲಶೇಖರ ಈ ವಿಚಾರವನ್ನು ಒರೆಗೆ ಹಚ್ಚಲು ತಕ್ಕ ಜಾಗ. ನಗರದ ಪೂರ್ವಕ್ಕೆ, ಮೂಡುಬಿದಿರೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಮೇಲಿರುವ ಈ ಬಡಾವಣೆ ಮುರಕಲ್ಲಿನ ಎತ್ತರದ ನೆಲದ್ದು. ಉತ್ತರಕ್ಕೆ ಗುರುಪುರ ಅಥವಾ ಫಲ್ಗುಣಿ ನದಿ, ದಕ್ಷಿಣಕ್ಕೆ ನೇತ್ರಾವತಿ. ಎರಡೂ ಪಶ್ಚಿಮಕ್ಕೆ ಹರಿದು ಬೆಂಗ್ರೆಯ ಬಳಿ ಅಳಿವೆಬಾಗಿಲಿನಲ್ಲಿ ಸಮುದ್ರ ಸೇರುತ್ತವೆ. ಫಲ್ಗುಣಿಯ ದಡದಲ್ಲಿ ಕೂಳೂರು, ತಣ್ಣೀರುಬಾವಿಯ ಕಡೆ ಇಂದಿಗೂ ಕಾಂಡ್ಲಾ ಪೊದೆಗಳಿವೆ. ಕುಲಶೇಖರದಿಂದ ಅಲ್ಲಿಗೆ ಕೆಲವೇ ಕಿಲೋಮೀಟರು ದೂರ, ಆದರೆ ಕುಲಶೇಖರದ ಬಾವಿಯಲ್ಲಿ ಉಪ್ಪಿನ ಸುಳಿವಿಲ್ಲ, ಅಂಗಳದಲ್ಲಿ ಕೆಸರಿಲ್ಲ. ಹಾಗಾಗಿ ಇಲ್ಲಿ ಕಾಂಡ್ಲಾ ಬೆಳೆಸಬೇಕೆನ್ನುವವರು ನೀರು, ತಳ, ಉಬ್ಬರ ಎಲ್ಲವನ್ನೂ ಕೈಯಾರೆ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟುವಾಗಲೇ ಯಾವುದು ಅಗತ್ಯ, ಯಾವುದು ಬರೀ ರೂಢಿಯ ಮಾತು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ.

ಮೊದಲು ಗಿಡದ ಆಯ್ಕೆ. ಕರ್ನಾಟಕದ ಅಳಿವೆಗಳಲ್ಲಿ ಸಿಗುವ ಕಾಂಡ್ಲಾ ಜಾತಿಗಳಲ್ಲಿ ತೊಟ್ಟಿಗೆ ಹೆಚ್ಚು ಒಗ್ಗುವುದು ರೈಜೋಫೋರಾ ಮ್ಯೂಕ್ರೊನೇಟಾ. ಇದರ ಬೀಜ ತಾಯಿಮರದಲ್ಲಿ ನೇತಾಡುತ್ತಿರುವಾಗಲೇ ಮೊಳೆತು ಒಂದರಿಂದ ಎರಡು ಅಡಿ ಉದ್ದದ ಹಸಿರು ಕೋಲಾಗಿ ಇಳಿಬೀಳುತ್ತದೆ. ಬಿದ್ದ ಮೇಲೆ ಹೊಸದಾಗಿ ಮೊಳೆಯುವ ಕೆಲಸವೇ ಉಳಿದಿರುವುದಿಲ್ಲ. ಇದರ ಹತ್ತಿರದ ನೆಂಟ ರೈಜೋಫೋರಾ ಎಪಿಕ್ಯುಲೇಟಾ ಮೆತ್ತನೆಯ ಕೆಸರನ್ನು ಬಯಸಿದರೆ, ಮ್ಯೂಕ್ರೊನೇಟಾ ಮರಳು ಬೆರೆತ ಗಟ್ಟಿ ನೆಲವನ್ನೂ ತಾಳಿಕೊಳ್ಳುತ್ತದೆ. ಮರಳು ತೊಟ್ಟಿಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಕ್ಯಾಂಡೆಲಿಯಾ ಕ್ಯಾಂಡೆಲ್ ಅದಕ್ಕಿಂತ ಗಿಡ್ಡ, ಸಿಹಿನೀರಿಗೆ ಹೆಚ್ಚು ಹತ್ತಿರ; ಸಣ್ಣ ತೊಟ್ಟಿಗೆ ಹೊಂದುತ್ತದೆ. ಅವಿಸೆನ್ನಿಯಾ ಜಾತಿಗಳು ಎಲೆಯ ಮೂಲಕ ಉಪ್ಪನ್ನು ಹೊರಹಾಕುತ್ತವೆ, ನೆಲದಿಂದ ಪೆನ್ಸಿಲಿನಂತೆ ಉಸಿರುಬೇರುಗಳನ್ನು ಮೇಲಕ್ಕೆ ಕಳಿಸುತ್ತವೆ. ನೋಡಲು ಚೆಂದ, ಆದರೆ ಆ ಬೇರುಗಳಿಗೆ ದಿನಕ್ಕಿಷ್ಟು ಹೊತ್ತು ನೀರಿನಿಂದ ಹೊರಗಿರುವ ಅವಕಾಶ ಬೇಕು. ಮುಳ್ಳಿನ ಎಲೆ, ನೀಲಿ ಹೂವಿನ ಹೊಳೆಚುಳ್ಳಿ ಹಟಮಾರಿ ಗಿಡ, ಸುಲಭಕ್ಕೆ ಸಾಯುವುದಿಲ್ಲ. ಎಕ್ಸೊಕೇರಿಯಾ ಅಗಲ್ಲೋಚಾವನ್ನು ಮಾತ್ರ ಮನೆಯೊಳಗೆ ತರಲೇಬಾರದು. ಅದರ ಬಿಳಿ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿ ಹೋಗುವಷ್ಟು ಉರಿಯೂತವಾಗುತ್ತದೆ.

ಇನ್ನು ಉಪ್ಪು. ಕಾಂಡ್ಲಾ ಉಪ್ಪನ್ನು ಬಯಸಿ ಕುಡಿಯುವ ಗಿಡ ಎಂಬ ಭಾವನೆ ಹೇಗೋ ಬೆಳೆದುಬಂದಿದೆ. ಪ್ರಯೋಗಗಳು ಹೇಳುವುದು ಬೇರೆ. ಆಸ್ಟ್ರೇಲಿಯಾದಲ್ಲಿ ಬಿ. ಎಫ್. ಕ್ಲಫ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವಿಸೆನ್ನಿಯಾ ಮರೀನಾ ಮತ್ತು ರೈಜೋಫೋರಾ ಸ್ಟೈಲೋಸಾ ಸಸಿಗಳು ಚೆನ್ನಾಗಿ ಬೆಳೆದದ್ದು ಕಾಲು ಭಾಗ ಸಮುದ್ರದ ನೀರಿನ ಉಪ್ಪಿನಲ್ಲಿ. ಪೂರ್ಣ ಸಮುದ್ರದ ನೀರಿನಲ್ಲಿ ಬೆಳವಣಿಗೆ ಕುಗ್ಗಿತು, ಬರೀ ಸಿಹಿನೀರಿನಲ್ಲೂ ಸೊರಗಿತು. ಅದಕ್ಕೆ ಎರಡು ವರ್ಷ ಮೊದಲು ಡೌನ್‌ಟನ್ ಅವಿಸೆನ್ನಿಯಾ ಮೇಲೆ ನಡೆಸಿದ ಪ್ರಯೋಗದಲ್ಲೂ ಶೇಕಡಾ ಹತ್ತರಿಂದ ಐವತ್ತರಷ್ಟು ಸಮುದ್ರದ ನೀರಿನಲ್ಲಿ ಗಿಡ ಚೆನ್ನಾಗಿತ್ತು. ಕಾರಣ ಸರಳ. ರೈಜೋಫೋರಾದ ಬೇರು ನೀರನ್ನು ಒಳಗೆಳೆಯುವಾಗಲೇ ಉಪ್ಪಿನ ಶೇಕಡಾ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಹೊರಗೇ ತಡೆಯುತ್ತದೆ. ನಾರ್ವೆ ಮೂಲದ ಅಮೆರಿಕನ್ ವಿಜ್ಞಾನಿ ಪರ್ ಶೋಲಾಂಡರ್ 1960ರ ದಶಕದಲ್ಲಿ ಅಳೆದು ತೋರಿಸಿದಂತೆ, ಹೀಗೆ ನೀರನ್ನು ಸೋಸಿಕೊಳ್ಳಲು ಕಾಂಡ್ಲಾದ ಕಾಂಡದೊಳಗಿನ ರಸ ಹತ್ತಾರು ವಾಯುಮಂಡಲದಷ್ಟು ಬಲದ ಎಳೆತದಲ್ಲಿರಬೇಕು. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಎಳೆಯುವ ಶ್ರಮ ಹೆಚ್ಚು, ಆ ಶ್ರಮದ ಬೆಲೆಯನ್ನು ಗಿಡ ಬೆಳವಣಿಗೆಯಲ್ಲಿ ತೆರುತ್ತದೆ. ಅಳಿವೆಯಲ್ಲಿ ಕಾಂಡ್ಲಾ ಇರುವುದು ಉಪ್ಪು ರುಚಿಸುತ್ತದೆ ಎಂದಲ್ಲ, ಉಪ್ಪು ತಾಳದ ಬೇರೆ ಗಿಡಗಳು ಅಲ್ಲಿಗೆ ಬಂದು ಜಾಗ ಕೀಳುವುದಿಲ್ಲ ಎಂದು. ಸ್ಪರ್ಧೆಯೇ ಇಲ್ಲದ ತೊಟ್ಟಿಯಲ್ಲಿ ಹೆಚ್ಚು ಉಪ್ಪು ಹಾಕಿ ಸಾಧಿಸುವುದೇನೂ ಇಲ್ಲ.

ಹಾಗಾದರೆ ಲೀಟರಿಗೆ ಎಷ್ಟು ಗ್ರಾಂ ಉಪ್ಪು ಸರಿ ಎಂದು ಕೇಳಿದರೆ, ಒಂದೇ ಅಂಕಿ ಹೇಳುವುದು ಮಂಗಳೂರಿನ ಮಟ್ಟಿಗೆ ತಪ್ಪಾಗುತ್ತದೆ. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುವ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಆಗ ನೇತ್ರಾವತಿ–ಫಲ್ಗುಣಿ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಏಪ್ರಿಲ್–ಮೇ ಹೊತ್ತಿಗೆ ನದಿಯ ಹರಿವು ಬತ್ತಿ, ಅದೇ ಜಾಗದಲ್ಲಿ ಲೀಟರಿಗೆ ಮೂವತ್ತು ಗ್ರಾಂ ದಾಟುವ, ಸಮುದ್ರಕ್ಕೆ ಸಮಾನವಾದ ಉಪ್ಪು ನಿಲ್ಲುತ್ತದೆ. ಇಲ್ಲಿಯ ಕಾಂಡ್ಲಾ ವರ್ಷಕ್ಕೊಮ್ಮೆ ಈ ಎರಡು ತುದಿಗಳ ನಡುವೆ ಓಡಾಡಿಯೇ ಬದುಕುತ್ತದೆ. ಹೊಸ ಮೊಳಕೆಗಳು ಬೇರೂರುವುದು ಮಳೆಗಾಲದ ಸಿಹಿ ಹೊತ್ತಿನಲ್ಲಿ, ಬೇರು ಗಟ್ಟಿಯಾದ ಮೇಲೆ ಬೇಸಿಗೆಯ ಉಪ್ಪು ಎದುರಾಗುತ್ತದೆ. ತೊಟ್ಟಿಯಲ್ಲೂ ಇದೇ ಕ್ರಮ ಹಿಡಿಯುವುದು ಜಾಣತನ: ನೆಟ್ಟ ಮೊದಲ ಎರಡು–ಮೂರು ತಿಂಗಳು ಲೀಟರಿಗೆ ಮೂರರಿಂದ ಐದು ಗ್ರಾಂ, ಆಮೇಲೆ ನಿಧಾನವಾಗಿ ಹತ್ತು–ಹನ್ನೆರಡು. ಹೀಗೆ ಬದಲಾಯಿಸಿದರೆ ಮೀನಿಗೂ ಮರಳಿನಲ್ಲಿ ಬೀಡುಬಿಟ್ಟ ಉಪಯುಕ್ತ ಬ್ಯಾಕ್ಟೀರಿಯಾಗಳಿಗೂ ತೊಂದರೆಯಲ್ಲವೇ, ತೊಟ್ಟಿಯ ನೀರು ಸ್ಥಿರವಾಗಿರಬೇಕೆಂದೇ ಎಲ್ಲರೂ ಹೇಳುವುದಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಸ್ಥಿರತೆಯ ಆ ಸಲಹೆ ಹವಳದ ತೊಟ್ಟಿಗಳಿಂದ ಬಂದದ್ದು. ಹವಳಕ್ಕೆ ಅದು ಪ್ರಾಣದ ಪ್ರಶ್ನೆ. ಅಳಿವೆಯ ಜೀವಿಗಳಿಗೆ ಕೇಡು ಮಾಡುವುದು ಬದಲಾವಣೆಯಲ್ಲ, ಅದರ ವೇಗ. ವಾರಕ್ಕೆ ಒಂದೆರಡು ಗ್ರಾಂ ಮೀರದ ಏರಿಳಿತವನ್ನು ಚೌಳು ನೀರಿನ ಮೀನುಗಳೂ ಬ್ಯಾಕ್ಟೀರಿಯಾಗಳೂ ಸಹಿಸುತ್ತವೆ.

ಆ ಉಪ್ಪುನೀರನ್ನು ಮಾಡಿಕೊಳ್ಳುವುದರಲ್ಲಿ ಕುಲಶೇಖರಕ್ಕೆ ತನ್ನದೇ ಒಂದು ತೊಡಕಿದೆ. ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ ಗುಣದ್ದು. ಅದರಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ನಗರದ ನಲ್ಲಿ ನೀರು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ ಕ್ಲೋರಿನ್ ಹಾಕಿಸಿಕೊಂಡು ಬರುವುದರಿಂದ, ಅದನ್ನು ಒಂದು ದಿನವಾದರೂ ಗಾಳಿಯಾಡಿಸಿ ಇಟ್ಟ ಮೇಲೆಯೇ ಬಳಸಬೇಕು. ಅಡುಗೆ ಉಪ್ಪನ್ನು ಕರಗಿಸಿ ಚೌಳು ನೀರು ಮಾಡಿಕೊಂಡೆವು ಎನ್ನುವವರಿದ್ದಾರೆ. ಅದು ಕೆಲಸಕ್ಕೆ ಬಾರದು. ಸಮುದ್ರದ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಮುಕ್ಕಾಲಿಗಿಂತ ಹೆಚ್ಚಿದ್ದರೂ, ಗಿಡಕ್ಕೂ ಮೀನಿಗೂ ಬೇಕಾದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇರುವುದು ಉಳಿದ ಪಾಲಿನಲ್ಲಿ. ಬೇಸಿಗೆಯ ಮುನ್ನ, ನದಿಯ ಕೆಂಪುನೀರು ಸಮುದ್ರಕ್ಕೆ ಸೇರದ ತಿಂಗಳುಗಳಲ್ಲಿ ತುಂಬಿಸಿಟ್ಟ ಶುದ್ಧ ಸಮುದ್ರದ ನೀರಾಗಲಿ, ಅಂಗಡಿಯಲ್ಲಿ ಸಿಗುವ ಅಕ್ವೇರಿಯಂ ಉಪ್ಪಿನ ಮಿಶ್ರಣವಾಗಲಿ ಆದೀತು. ಒಂದು ಪಾಲು ಸಮುದ್ರದ ನೀರಿಗೆ ಎರಡು ಪಾಲು ಬಾವಿನೀರು ಸೇರಿಸಿದರೆ ಲೀಟರಿಗೆ ಹನ್ನೆರಡು ಗ್ರಾಮಿನ ಹತ್ತಿರ ಬರುತ್ತದೆ. ತೇಲುಮಾಪಕದಲ್ಲಿ ಅದು 1.009ರ ಆಸುಪಾಸು ತೋರಿಸುತ್ತದೆ. ಹುಳಿ ಗುಣವನ್ನು ತಗ್ಗಿಸಲು ಒಂದು ಹಿಡಿ ಮರುವಾಯಿ ಚಿಪ್ಪಿನ ಚೂರು ಸಾಕು, ಆದರೆ ಅದನ್ನು ಮರಳಿಗೆ ಬೆರೆಸದೆ ಫಿಲ್ಟರ್‌ನಲ್ಲಿ ಇಡಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ. ಬಿಸಿಲಿಗೆ ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಿಸಬೇಕು. ಏಪ್ರಿಲ್ ತಿಂಗಳಲ್ಲಿ ಉಪ್ಪುನೀರನ್ನೇ ಸುರಿಯುತ್ತಾ ಹೋದರೆ ತೊಟ್ಟಿ ಅಳಿವೆಯಾಗದೆ ಉಪ್ಪಿನ ಆಗರವಾಗುತ್ತದೆ.

ಈಗ ಮರಳು. ಮಂಗಳೂರಿನವರ ಮಾತಿನಲ್ಲಿ ಹೊಯಿಗೆ. ಹೊಯಿಗೆ ಬಜಾರ್ ಎಂಬ ಬೀದಿಯೇ ಇರುವ ಊರಿನಲ್ಲಿ ಮರಳಿಗೆ ಕೊರತೆಯಿಲ್ಲ. ಆದರೆ ಎರಡು ಬಗೆಯ ಮರಳಿನ ಗುಣ ಬೇರೆ ಬೇರೆ. ನದಿಯ ಹೊಯಿಗೆ ಬಹುಪಾಲು ಬೆಣಚುಕಲ್ಲಿನ ಕಣ. ಅದು ನೀರಿನ ಗುಣವನ್ನು ಬದಲಿಸುವುದಿಲ್ಲ, ಗಿಡಕ್ಕೆ ಏನನ್ನೂ ಕೊಡುವುದೂ ಇಲ್ಲ. ಕಡಲತೀರದ ಮರಳಿನಲ್ಲಿ ಚಿಪ್ಪಿನ ಪುಡಿ ಬೆರೆತಿರುವುದರಿಂದ ಅದು ನೀರನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಒಂದೆರಡು ಮಿಲಿಮೀಟರ್ ಗಾತ್ರದ, ಚೆನ್ನಾಗಿ ತೊಳೆದ ನದಿಯ ಹೊಯಿಗೆಯೇ ತೊಟ್ಟಿಗೆ ಲೇಸು. ಕಣ ತೀರಾ ನುಣುಪಾದರೆ ಒತ್ತಾಗಿ ಕೂತು ನೀರಾಡದಂತೆ ಮಾಡುತ್ತದೆ. ಈ ಮರಳಿನ ದೊಡ್ಡ ಗುಣವನ್ನು ಹವ್ಯಾಸಿಗಳು ಸಾಕಷ್ಟು ಗಮನಿಸಿಲ್ಲ: ಕಣಗಳ ನಡುವೆ ನೀರು ಹರಿಯುತ್ತದೆ, ನೀರಿನ ಜೊತೆ ಆಮ್ಲಜನಕ ಇಳಿಯುತ್ತದೆ. ಕೆಸರಿನಲ್ಲಿ ಹಾಗಾಗುವುದಿಲ್ಲ, ಮೇಲಿನ ಕೆಲವು ಮಿಲಿಮೀಟರ್ ದಾಟಿದರೆ ಆಮ್ಲಜನಕ ಮುಗಿದಿರುತ್ತದೆ. ಅದಕ್ಕಾಗಿಯೇ ಕಾಂಡ್ಲಾ ಊರೆಬೇರು, ಉಸಿರುಬೇರುಗಳನ್ನು ಬೆಳೆಸಿಕೊಂಡಿದೆ. 1955ರಲ್ಲಿ ಶೋಲಾಂಡರ್ ಮತ್ತು ಸಂಗಡಿಗರು ಫ್ಲಾರಿಡಾದಲ್ಲಿ ರೈಜೋಫೋರಾದ ಊರೆಬೇರುಗಳ ಮೇಲಿನ ಉಸಿರುರಂಧ್ರಗಳಿಗೆ ಗ್ರೀಸ್ ಮೆತ್ತಿ ನೋಡಿದರು. ಕೆಸರಿನೊಳಗಿನ ಬೇರಿನ ಆಮ್ಲಜನಕ ಒಂದೆರಡು ದಿನಗಳಲ್ಲೇ ಕುಸಿಯಿತು. ಬೇರು ಉಸಿರಾಡುವುದು ಕೆಸರಿನಿಂದಲ್ಲ, ನೀರಿನ ಮೇಲಿರುವ ತೊಗಟೆಯ ರಂಧ್ರಗಳಿಂದ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ತೊಟ್ಟಿಯಲ್ಲಿ ಗ್ರೀಸಿನ ಕೆಲಸವನ್ನು ಪಾಚಿ ಮಾಡುತ್ತದೆ, ಇಲ್ಲವೇ ಅಗತ್ಯಕ್ಕಿಂತ ಮೇಲೆ ನಿಲ್ಲಿಸಿದ ನೀರು ಮಾಡುತ್ತದೆ.

ಮರಳಿಗೂ ಒಂದು ಅಪಾಯವಿದೆ. ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಎರಡೂವರೆ ಗ್ರಾಮಿಗಿಂತ ಹೆಚ್ಚು ಸಲ್ಫೇಟ್ ಇರುತ್ತದೆ. ಮರಳಿನ ತಳದಲ್ಲಿ ಮೀನಿನ ಹಿಕ್ಕೆ, ಕೊಳೆತ ಎಲೆ ಸೇರಿ ಆಮ್ಲಜನಕ ಮುಗಿದಾಗ ಕೆಲವು ಬ್ಯಾಕ್ಟೀರಿಯಾಗಳು ಈ ಸಲ್ಫೇಟನ್ನೇ ಉಸಿರಿಗೆ ಬಳಸಿಕೊಂಡು ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಅದರದ್ದೇ. ಬೇರಿಗೆ ಅದು ವಿಷ. ಅಳಿವೆಯ ಕೆಸರಿನಲ್ಲೂ ಸಲ್ಫೈಡ್ ಹುಟ್ಟುತ್ತದೆ, ಆದರೆ ಅಲ್ಲಿ ಹೊಳೆ ಹೊತ್ತು ತಂದ ಮಣ್ಣಿನ ಕಬ್ಬಿಣ ಅದನ್ನು ಹಿಡಿದು ಕಪ್ಪು ಕಬ್ಬಿಣದ ಸಲ್ಫೈಡ್ ಆಗಿ ಕಟ್ಟಿಹಾಕುತ್ತದೆ. ಕೆಸರಿನ ಕಪ್ಪು ಬಣ್ಣಕ್ಕೆ ಮುಖ್ಯ ಕಾರಣ ಅದೇ. ತೊಳೆದ ಬೆಣಚು ಮರಳಿನಲ್ಲಿ ಈ ಕಾವಲುಗಾರನಿಲ್ಲ. ಆದ್ದರಿಂದ ಬರೀ ಮರಳಿನಲ್ಲಿ ಗಿಡ ಸಾಯುತ್ತದೆ ಎನ್ನುವವರ ಅನುಭವ ಸುಳ್ಳಲ್ಲ, ಅವರು ಹೇಳುವ ಕಾರಣ ಮಾತ್ರ ತಪ್ಪು. ಮರಳು ಕೊಂದದ್ದಲ್ಲ, ಕಬ್ಬಿಣವಿಲ್ಲದ ಮರಳಿನಲ್ಲಿ ಕೊಳೆ ಕೂಡಿಕೊಂಡದ್ದು ಕೊಂದಿತು.

ಆ ಕಬ್ಬಿಣ ಕುಲಶೇಖರದ ನೆಲದಲ್ಲೇ ಇದೆ. ಮುರಕಲ್ಲು, ಗ್ರಾಂಥಿಕವಾಗಿ ಜಂಬಿಟ್ಟಿಗೆ, ಮಳೆ ಲಕ್ಷಾಂತರ ವರ್ಷಗಳ ಕಾಲ ಬಂಡೆಯನ್ನು ತೊಳೆದು ಸಿಲಿಕಾ, ಸುಣ್ಣ ಎಲ್ಲವನ್ನೂ ಒಯ್ದ ಮೇಲೆ ಉಳಿದ ಕಬ್ಬಿಣ–ಅಲ್ಯೂಮಿನಿಯಂ ಆಕ್ಸೈಡುಗಳ ಗಟ್ಟಿ. ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಅಚ್ಚು ಹಾಕಿಸಿದ ಪ್ರವಾಸಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಇದೇ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟ. ಸಸ್ಯಗಳ ಅಕ್ವೇರಿಯಂ ಮಾಡುವ ಜರ್ಮನ್ ಹವ್ಯಾಸಿಗಳು ಜಲ್ಲಿಯ ತಳಕ್ಕೆ ಲ್ಯಾಟರೈಟ್ ಪುಡಿ ಬೆರೆಸುವ ರೂಢಿಯನ್ನು 1980ರ ದಶಕದಲ್ಲಿ ಜನಪ್ರಿಯಗೊಳಿಸಿದರು. ಡಬ್ಬಿ ಡಬ್ಬಿಯಾಗಿ ಅದು ಮಾರಾಟವಾಯಿತು. ಇಲ್ಲಿ ಮನೆಯ ಗೋಡೆಯೇ ಅದರದ್ದು. ಹದಿನೈದು ಸೆಂಟಿಮೀಟರ್ ದಪ್ಪದ ಮರಳಿನ ಹಾಸಿನಲ್ಲಿ ಕೆಳಗಿನ ಮೂರನೇ ಒಂದು ಪಾಲಿಗೆ ಮಾತ್ರ, ಹತ್ತಕ್ಕೆ ಒಂದರಂತೆ, ತೊಳೆದು ಜರಡಿ ಹಿಡಿದ ಮುರಕಲ್ಲಿನ ಪುಡಿ ಸೇರಿಸಿ, ಮೇಲೆ ಶುದ್ಧ ಹೊಯಿಗೆ ಹಾಸಿದರೆ ಸಲ್ಫೈಡಿಗೂ ತಡೆ, ಗಿಡಕ್ಕೂ ಕಬ್ಬಿಣ. ಚಿಪ್ಪಿನ ಚೂರನ್ನು ಮರಳಿನಲ್ಲಿ ಬೆರೆಸಬಾರದೆಂದು ಮೇಲೆ ಹೇಳಿದ್ದು ಇದಕ್ಕೇ: ಬೇರಿನ ಸುತ್ತ ಕ್ಷಾರ ಹೆಚ್ಚಿದರೆ ಕಬ್ಬಿಣ ಗಿಡಕ್ಕೆ ದಕ್ಕದ ರೂಪಕ್ಕೆ ತಿರುಗುತ್ತದೆ, ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಗೆ ಬರುತ್ತವೆ.

ಕಬ್ಬಿಣದ ಆಕ್ಸೈಡ್ ರಂಜಕವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದ ಗಿಡ ಉಪವಾಸ ಬೀಳುವುದಿಲ್ಲವೇ ಎಂದು ರಸಾಯನಶಾಸ್ತ್ರ ಬಲ್ಲವರು ಕೇಳಬಹುದು. ಹಿಡಿಯುವುದು ನಿಜ, ಮುರಕಲ್ಲಿನ ಗುಡ್ಡದ ಮಣ್ಣು ಬಡವಾಗಿರುವುದಕ್ಕೆ ಒಂದು ಕಾರಣವೂ ಅದು. ಆದರೆ ಆಮ್ಲಜನಕ ಕಡಿಮೆಯಾದ ತಳದಲ್ಲಿ ಕಬ್ಬಿಣ ಕರಗುವ ರೂಪಕ್ಕೆ ತಿರುಗುವಾಗ ತಾನು ಹಿಡಿದ ರಂಜಕವನ್ನೂ ಬಿಟ್ಟುಕೊಡುತ್ತದೆ, ಬೇರು ಇರುವುದು ಅಲ್ಲಿಯೇ. ಜೊತೆಗೆ ಮೀನಿಗೆ ಹಾಕುವ ಆಹಾರದಲ್ಲಿ ರಂಜಕ ಧಾರಾಳವಾಗಿದೆ. ತೊಟ್ಟಿಯಲ್ಲಿ ಅದರ ಹೆಚ್ಚಳವೇ ತಲೆನೋವು, ಕೊರತೆಯಲ್ಲ. ಕುಲಶೇಖರದ ಸುತ್ತಮುತ್ತ ಮುರಕಲ್ಲಿನ ಕೆಳಗೆ ಸಿಗುವ ಬಿಳಿ–ಹಳದಿ ಶೇಡಿ ಮಣ್ಣನ್ನು ಕೆಸರಿನ ಬದಲಿಗೆ ಬಳಸಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಒಣಗಿದ್ದಾಗ ಗಟ್ಟಿ, ನೆನೆದಾಗ ಹಿಡಿತವೇ ಇಲ್ಲದ ಮಣ್ಣು ಇದು. 2019ರ ಆಗಸ್ಟ್‌ನಲ್ಲಿ ಪಡೀಲ್–ಕುಲಶೇಖರ ನಡುವೆ ರೈಲು ಹಳಿಯ ಮೇಲೆ ಗುಡ್ಡ ಜರಿದು ಸಂಚಾರ ನಿಂತದ್ದನ್ನು ನೆನೆದರೆ, ನೀರು ಕುಡಿದ ಇಲ್ಲಿಯ ಗುಡ್ಡಗಳ ಗುಣ ಮನಸ್ಸಿಗೆ ಬರುತ್ತದೆ. ತೊಟ್ಟಿಯಲ್ಲಿ ಶೇಡಿ ನೀರನ್ನು ವಾರಗಟ್ಟಲೆ ಹಾಲಿನಂತೆ ಕಲಕಿಡುತ್ತದೆ. ಸಾವಯವ ಅಂಶವೂ ಅದರಲ್ಲಿ ಇಲ್ಲದಿರುವುದರಿಂದ ಕೆಸರಿನ ಕೆಲಸ ಅದರಿಂದ ಆಗದು.

ಇಷ್ಟೆಲ್ಲ ಏಕೆ, ಬರೀ ನೀರಿನಲ್ಲಿ ನಿಲ್ಲಿಸಿದ ಮೊಳಕೆಯೂ ಚಿಗುರುತ್ತದಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಎದುರುವಾದ. ಚಿಗುರುತ್ತದೆ. ರೈಜೋಫೋರಾದ ಕೋಲು ಬರೀ ಕಾಂಡವಲ್ಲ, ತಾಯಿಮರ ಕಟ್ಟಿಕೊಟ್ಟ ಬುತ್ತಿ. ತಿಂಗಳುಗಟ್ಟಲೆ ಸಮುದ್ರದಲ್ಲಿ ತೇಲಿ, ಎಲ್ಲೋ ದಡ ಹತ್ತಿ, ನೆಲದಿಂದ ಏನೂ ಸಿಗುವ ಮೊದಲೇ ಬೇರು ಬಿಟ್ಟು ಮೊದಲ ಎಲೆಗಳನ್ನು ಬಿಚ್ಚುವಷ್ಟು ಪಿಷ್ಟ ಅದರೊಳಗಿದೆ. ಗಾಜಿನ ಲೋಟದಲ್ಲಿಟ್ಟರೂ ಅದು ಎರಡು ಜೋಡಿ ಎಲೆ ಬಿಡುತ್ತದೆ. ಈ ಎಲೆಗಳು ಹೇಳುವುದು ತಾಯಿಮರದ ಆರೋಗ್ಯವನ್ನೇ ಹೊರತು ತೊಟ್ಟಿಯ ಯೋಗ್ಯತೆಯನ್ನಲ್ಲ. ತೊಟ್ಟಿ ಸರಿಯಿದೆಯೇ ಎಂದು ಗೊತ್ತಾಗುವುದು ಬುತ್ತಿ ಮುಗಿದ ಮೇಲೆ, ಸುಮಾರಾಗಿ ಮೊದಲ ವರ್ಷ ಕಳೆಯುವ ಹೊತ್ತಿಗೆ. ಆಗ ಬರುವ ಎಲೆಗಳು ಹಿಂದಿನವುಗಳಷ್ಟೇ ದೊಡ್ಡದಾಗಿ, ಕಡು ಹಸಿರಾಗಿ ಬಂದರೆ ಬೇರು ತನ್ನ ಕೆಲಸ ಮಾಡುತ್ತಿದೆ; ಜೋಡಿಯಿಂದ ಜೋಡಿಗೆ ಎಲೆ ಸಣ್ಣದಾಗುತ್ತಾ ಕೋಲು ಸುಕ್ಕುತ್ತಾ ಹೋದರೆ ಗಿಡ ಕೂಡಿಟ್ಟದ್ದನ್ನು ತಿಂದು ಮುಗಿಸುತ್ತಿದೆ. ಆರು ತಿಂಗಳ ಗಿಡವನ್ನು ತೋರಿಸಿ ಬೆಳೆಸುವ ವಿಧಾನ ಗೆದ್ದಿತು ಎನ್ನುವ ಬರಹಗಳನ್ನು ಅನುಮಾನದಿಂದಲೇ ನೋಡಬೇಕು.

ನೆಡುವುದರಲ್ಲಿ ಕಷ್ಟವಿಲ್ಲ, ಎಚ್ಚರ ಬೇಕು. ದಪ್ಪನೆಯ, ಕಂದು ಬಣ್ಣಕ್ಕೆ ತಿರುಗಿದ ಚೂಪು ತುದಿ ಕೆಳಗೆ. ಎಲೆಮೊಗ್ಗು ಇರುವ ತುದಿ ಮೇಲೆ. ಐದಾರು ಸೆಂಟಿಮೀಟರ್ ಆಳ ಸಾಕು. ಆಳಕ್ಕೆ ಊರಿದರೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅರ್ಧ ಕೋಲನ್ನು ಹೂಳುವವರು ಅದರ ಉಸಿರುರಂಧ್ರಗಳನ್ನೇ ಹೂಳುತ್ತಾರೆ. ನೀರಿನ ಮಟ್ಟ ಎಲೆಮೊಗ್ಗಿಗಿಂತ ಸಾಕಷ್ಟು ಕೆಳಗಿರಬೇಕು, ಎಲೆ ಎಂದೂ ಮುಳುಗಬಾರದು. ಮಂಗಳೂರಿನ ಉಬ್ಬರ–ಇಳಿತದ ಅಂತರ ಒಂದೂವರೆ ಮೀಟರಿನ ಆಸುಪಾಸು, ದಿನಕ್ಕೆರಡು ಸಲ. ತೊಟ್ಟಿಯಲ್ಲಿ ಅಷ್ಟು ಬೇಕಿಲ್ಲ. ಟೈಮರಿಗೆ ಕಟ್ಟಿದ ಸಣ್ಣ ಪಂಪು ಪಕ್ಕದ ತೊಟ್ಟಿಗೆ ನೀರನ್ನು ಎಳೆದು ಆರು ಗಂಟೆಯ ನಂತರ ಮರಳಿಸಿದರೆ ಐದಾರು ಸೆಂಟಿಮೀಟರಿನ ಏರಿಳಿತವೇ ಮರಳಿನೊಳಗೆ ಹೊಸ ನೀರನ್ನು ಎಳೆದುಕೊಳ್ಳುತ್ತದೆ. ಮರಳಿನ ತಳದ ಲಾಭ ಪೂರ್ತಿ ಸಿಗುವುದು ಈ ಏರ್ಪಾಡಿನಲ್ಲಿ. ಕೆಸರಿನ ತೊಟ್ಟಿಯಲ್ಲಿ ಇದೇ ಪಂಪು ಓಡಿಸಿದರೆ ಮೊದಲ ದಿನವೇ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಬೆಳಕಿನ ಮಾತಿನಲ್ಲಿ ರಿಯಾಯಿತಿ ಇಲ್ಲ. ಕಾಂಡ್ಲಾ ತೆರೆದ ಬಿಸಿಲಿನ ಮರ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ 1991ರಲ್ಲಿ ಆರಂಭವಾದ ಬಯೋಸ್ಫಿಯರ್–2 ಎಂಬ ಬೃಹತ್ ಗಾಜಿನ ಮನೆಯೊಳಗೆ ಫ್ಲಾರಿಡಾದಿಂದ ತಂದ ಕಾಂಡ್ಲಾ ವನವೊಂದನ್ನು ನೆಟ್ಟಿದ್ದರು. ಗಾಜು ಮತ್ತು ಉಕ್ಕಿನ ಚೌಕಟ್ಟು ಬಿಸಿಲಿನ ಅರ್ಧದಷ್ಟನ್ನು ತಡೆಯುತ್ತಿತ್ತು. ಮರಗಳು ಬದುಕಿದವು, ಬೆಳಕನ್ನು ಹುಡುಕುತ್ತಾ ಮೇಲಕ್ಕೆ ಚಾಚಿದವು. ಕುಲಶೇಖರದ ಮನೆಯೊಳಗಿನ ಮೂಲೆಯಲ್ಲಿ ಅರ್ಧ ಬಿಸಿಲೂ ಸಿಗುವುದಿಲ್ಲ; ಪೂರ್ವ ಅಥವಾ ದಕ್ಷಿಣದ ಜಗಲಿಯಾದರೆ ಒಳಿತು, ಇಲ್ಲವಾದರೆ ಎಲೆಗಳ ಮೇಲೆಯೇ ತೂಗುವ ಪ್ರಬಲ ಎಲ್‌ಇಡಿ ದೀಪ ದಿನಕ್ಕೆ ಹತ್ತು–ಹನ್ನೆರಡು ಗಂಟೆ ಬೇಕು. ನೀರಿನ ಮೀನಿಗೆಂದು ಹಾಕಿದ ದೀಪ ಎಲೆಗೆ ಸಾಲುವುದಿಲ್ಲ. ಎಲೆಗಳಿಗೆ ದಿನವೂ ಸಿಹಿನೀರು ಚಿಮುಕಿಸಿ ಉಪ್ಪು ತೊಳೆಯಬೇಕೆಂಬ ಸಲಹೆ ಎಲ್ಲೆಡೆ ಕಾಣುತ್ತದೆ. ಅವಿಸೆನ್ನಿಯಾಕ್ಕೆ ಅದು ಸರಿ, ಅದರ ಎಲೆಯ ಗ್ರಂಥಿಗಳಿಂದ ಉಪ್ಪು ಹೊರಬಂದು ಹರಳುಗಟ್ಟುತ್ತದೆ. ರೈಜೋಫೋರಾಕ್ಕೆ ಅಂಥ ಗ್ರಂಥಿಯೇ ಇಲ್ಲ. ಅಲ್ಲಿ ಚಿಮುಕಿಸುವುದು ದೂಳು ತೊಳೆಯಲಷ್ಟೇ.

ತೊಟ್ಟಿಯ ನೀರನ್ನು ಕಾಂಡ್ಲಾ ಶುದ್ಧಮಾಡುತ್ತದೆ ಎಂಬ ಮಾರಾಟದ ಮಾತನ್ನೂ ಅಳೆದು ನೋಡಬೇಕು. ಕಾಡಿನಲ್ಲಿ ಎಕರೆಗಟ್ಟಲೆ ಕಾಂಡ್ಲಾ ಹೊಳೆ ತಂದ ಪೋಷಕಾಂಶಗಳನ್ನು ಹಿಡಿಯುವುದು ನಿಜ. ಆದರೆ ವರ್ಷಕ್ಕೆ ಕೆಲವೇ ಜೋಡಿ ಎಲೆ ಬಿಡುವ ಒಂದು ಸಸಿ ಹೀರುವ ಸಾರಜನಕ, ನಾಲ್ಕು ಮೀನಿಗೆ ಹಾಕುವ ಆಹಾರದ ಲೆಕ್ಕದಲ್ಲಿ ಗಣನೆಗೇ ಬಾರದು. ಉದುರಿದ ಎಲೆಯನ್ನು ತೆಗೆಯದೆ ಬಿಟ್ಟರೆ ಹೀರಿದ್ದೂ ನೀರಿಗೇ ಮರಳುತ್ತದೆ. ತೊಟ್ಟಿಯನ್ನು ಶುದ್ಧವಾಗಿಡುವುದು ಮರಳಿನ ಕಣಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾ ಮತ್ತು ವಾರಕ್ಕೊಮ್ಮೆ ನೀರು ಬದಲಿಸುವ ಕೈ. ಮೀನು ಕಡಿಮೆಯಿದ್ದಷ್ಟೂ ಒಳ್ಳೆಯದು. ಕೇರಳದಲ್ಲಿ ಕರಿಮೀನು ಎನ್ನುವ ಎಟ್ರೋಪ್ಲಸ್‌ನ ಮರಿ, ಅದರ ಚಿಕ್ಕ ಬಂಧುವಾದ ಕಿತ್ತಳೆ ಬಣ್ಣದ ಮೀನು ಇವು ನಮ್ಮ ಹಿನ್ನೀರುಗಳವೇ, ಇಷ್ಟೇ ಉಪ್ಪಿಗೆ ಒಗ್ಗಿದವು. ಏಡಿಯನ್ನು ಮಾತ್ರ ಬಿಡಬಾರದು. ಎಳೆ ಮೊಳಕೆಯ ಬುಡವನ್ನು ಕಡಿದುಹಾಕುವುದರಲ್ಲಿ ಕಾಡಿನಲ್ಲೂ ಅದೇ ಮುಂದು.

ಹತ್ತು ಮೀಟರ್ ದಾಟುವ ಮರವನ್ನು ಗಾಜಿನಲ್ಲಿ ಕೂಡಿಹಾಕುವುದೇ ಅಸಂಬದ್ಧ ಎನ್ನುವವರಿಗೆ ಪೂರ್ಣ ಸಮಾಧಾನ ಹೇಳುವುದು ಕಷ್ಟ. ಅವಿಸೆನ್ನಿಯಾವನ್ನು ಕತ್ತರಿಸಿ ಗಿಡ್ಡವಾಗಿಡಬಹುದು, ಕಡಿದಲ್ಲಿ ಮತ್ತೆ ಚಿಗುರುವ ಗುಣ ಅದಕ್ಕಿದೆ. ರೈಜೋಫೋರಾದ ಹಳೆಯ ಕೊಂಬೆಗಳಲ್ಲಿ ಮಲಗಿರುವ ಮೊಗ್ಗು ಬಹುತೇಕ ಇರುವುದಿಲ್ಲ. ಎಲೆಯಿರುವ ಭಾಗಕ್ಕಿಂತ ಕೆಳಗೆ ಕತ್ತರಿ ಆಡಿಸಿದರೆ ಆ ಕೊಂಬೆ ಮುಗಿಯಿತು. ತುದಿಯ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟುತ್ತಾ ಹೋಗುವುದೊಂದೇ ದಾರಿ. ಹೀಗೆ ಎರಡು–ಮೂರು ವರ್ಷ ಹದಿನೈದು ಸೆಂಟಿಮೀಟರ್ ಹೊಯಿಗೆಯಲ್ಲಿ ಗಿಡ ಚೆನ್ನಾಗಿರುತ್ತದೆ. ಅದರಾಚೆಗೆ ಊರೆಬೇರುಗಳು ಗಾಜಿಗೆ ತಾಗುತ್ತವೆ, ಮರಳಿನ ಬುಡದ ಕಬ್ಬಿಣವೂ ಖರ್ಚಾಗಿರುತ್ತದೆ. ಆಗ ಗಿಡವನ್ನು ದೊಡ್ಡ ಕುಂಡಕ್ಕೆ, ಮರಳು–ಮಣ್ಣು ಬೆರೆಸಿ, ಅಂಗಳದ ಬಿಸಿಲಿಗೆ ಸಾಗಿಸಬೇಕು. ಮಳೆಗಾಲ ಉಪ್ಪನ್ನು ತಾನೇ ತೊಳೆಯುತ್ತದೆ, ಬೇಸಿಗೆಯಲ್ಲಿ ಚೌಳು ನೀರು ಹಾಕಿದರಾಯಿತು.

ಮೊಳಕೆಯನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಕಾನೂನು ಸ್ಪಷ್ಟ ಗೆರೆ ಎಳೆದಿದೆ. 2011ರ ಮತ್ತು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಗಳೆರಡೂ ಕಾಂಡ್ಲಾ ಪ್ರದೇಶವನ್ನು ಅತಿ ಸೂಕ್ಷ್ಮ ವರ್ಗದಲ್ಲಿಟ್ಟಿವೆ. ಸಾವಿರ ಚದರ ಮೀಟರ್ ಮೀರಿದ ಕಾಂಡ್ಲಾ ವನಕ್ಕೆ ಐವತ್ತು ಮೀಟರ್ ರಕ್ಷಣಾ ಪಟ್ಟಿಯೂ ಇದೆ. 2021ರ ಅರಣ್ಯ ಸ್ಥಿತಿ ವರದಿಯ ಪ್ರಕಾರ ದೇಶದಲ್ಲಿ ಒಟ್ಟು 4,992 ಚದರ ಕಿಲೋಮೀಟರ್ ಕಾಂಡ್ಲಾ ಹೊದಿಕೆ ಇದ್ದರೆ ಕರ್ನಾಟಕದ ಪಾಲು ಬರೀ 13. ಇಷ್ಟು ಕಡಿಮೆ ಇರುವಲ್ಲಿ ಮರದಿಂದ ಮೊಳಕೆ ಕೀಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮಳೆಗಾಲದಲ್ಲಿ ಹೊಳೆ ಸಮುದ್ರಕ್ಕೆ ತಳ್ಳಿದ ಮೊಳಕೆಗಳು ಅಲೆಗೆ ಸಿಕ್ಕಿ ತೆರೆದ ತೀರದ ಮರಳಿನ ಮೇಲೆ ಬಂದು ಬಿದ್ದು ಒಣಗುವುದುಂಟು. ಬೇರೂರಲು ಅವಕಾಶವಿಲ್ಲದ ಅಂಥ ಒಂದೆರಡನ್ನು ಎತ್ತಿಕೊಂಡರೆ ಕಾಡಿಗೆ ನಷ್ಟವಿಲ್ಲ. ನೆಡುತೋಪಿಗಾಗಿ ಸಸಿ ಬೆಳೆಸುವ ಅರಣ್ಯ ಇಲಾಖೆಯನ್ನು ಕೇಳುವುದು ಇನ್ನೂ ನೇರವಾದ ದಾರಿ.

ಅಕ್ವೇರಿಯಂ ವ್ಯಾಪಾರದಲ್ಲಿ ಹೆಚ್ಚು ಓಡಾಡುವುದು ಅಮೆರಿಕದ ಕೆಂಪು ಕಾಂಡ್ಲಾ, ರೈಜೋಫೋರಾ ಮ್ಯಾಂಗಲ್. ಇದೇ ಗಿಡವನ್ನು 1902ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಸಕ್ಕರೆ ಕಂಪನಿಯೊಂದು ಮಣ್ಣಿನ ಸವಕಳಿ ತಡೆಯಲು ನೆಟ್ಟಿತು. ಅದಕ್ಕೂ ಮೊದಲು ಆ ದ್ವೀಪಗಳಲ್ಲಿ ಕಾಂಡ್ಲಾ ಇರಲಿಲ್ಲ. ಇಂದು ಅದು ಅಲ್ಲಿಯ ಹಳೆಯ ಮೀನುಕೊಳಗಳನ್ನೂ ನೀರುಹಕ್ಕಿಗಳ ಬಯಲುಗಳನ್ನೂ ನುಂಗಿ ಹರಡಿದೆ, ಕಿತ್ತುಹಾಕಲು ಹಣ ಸುರಿಯುತ್ತಿದ್ದಾರೆ. ತೊಟ್ಟಿಯಲ್ಲಿ ಬೆಳೆದ ಗಿಡವನ್ನು ಹೊಳೆಗೆ ಕೊಡುವುದು ಪುಣ್ಯದ ಕೆಲಸವೆಂದು ಕಂಡರೂ, ಎಲ್ಲಿಂದ ಬಂದದ್ದೆಂದು ತಿಳಿಯದ ಗಿಡವನ್ನು, ತೊಟ್ಟಿಯ ರೋಗ–ಹುಳು ಸಮೇತ ಫಲ್ಗುಣಿಯ ದಡದಲ್ಲಿ ನೆಡುವುದು ಕಾಡಿಗೆ ಮಾಡುವ ಉಪಕಾರವಲ್ಲ. ಹೊರಗಿನ ಜಾತಿಯಾಗಿದ್ದರೆ, ಅಥವಾ ಜಾತಿ ಯಾವುದೆಂದೇ ಗೊತ್ತಿಲ್ಲದಿದ್ದರೆ, ಬೆಳೆಸುವವರು ಅದನ್ನು ಕುಂಡದಲ್ಲೇ ಉಳಿಸಿಕೊಳ್ಳಬೇಕು. ಸಾಕಲು ಆಗದಿದ್ದರೆ ಕಡಿದು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು, ಹೊಳೆಗಂತೂ ಬಿಡಬಾರದು.